ಮೊಲೆಕ್ಯುಲರ್ ಫೆಲೋಶಿಪ್‌ಗೆ ಹೊರಡುವ ಮುಂಚೆ ಸ್ಲೈಡ್ ನೋಡಲು ಕಲಿಯಿರಿ

ಭಾನುವಾರ ಬೆಳಿಗ್ಗೆ ಫೋನ್ ಬಂತು ಅಂದರೆ ಊರಿನ ಕಡೆಯ ಯಾರೋ ಪಿಜಿ ಹುಡುಗನೋ ಹುಡುಗಿಯೋ ಅಂತಲೇ ಲೆಕ್ಕ. "ಅಕ್ಕಾ, ಅಮೆರಿಕದಲ್ಲಿ ಮೊಲೆಕ್ಯುಲರ್ ಜೆನೆಟಿಕ್ ಪೆಥಾಲಜಿ ಫೆಲೋಶಿಪ್ ಮಾಡಬೇಕು ಅಂತಿದ್ದೀನಿ. ಎಲ್ಲಿಂದ ಶುರು ಮಾಡ್ಲಿ?" ಅಂದರೆ ಡಿಎನ್ಎ ಓದಿ ರೋಗ ಪತ್ತೆ ಮಾಡುವುದರಲ್ಲಿ ಮೇಲ್ಮಟ್ಟದ ತರಬೇತಿ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ. ನಾನು ದಾವಣಗೆರೆಯವಳು. ನಮ್ಮ ಕಡೆಯೇ ಎಂಬಿಬಿಎಸ್, ಎಂಡಿ ಪೆಥಾಲಜಿ (ರೋಗಶಾಸ್ತ್ರ) ಮುಗಿಸಿದೆ. ಅಮೆರಿಕಕ್ಕೆ ಬಂದು ಮತ್ತೆ 4 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿದ್ದುಕೊಂಡು ತಜ್ಞ ತರಬೇತಿ, ಮಾಡಿದೆ. ಆಮೇಲೆ ಈ ಫೆಲೋಶಿಪ್.

ಹೌದು, ಮತ್ತೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಫೆಲೋಶಿಪ್ ಇರುವುದು ಒಂದೇ ವರ್ಷ. ಆದರೆ ಅದಕ್ಕೆ ಸೇರಲು ಸಾಮಾನ್ಯವಾಗಿ ಇಲ್ಲಿನ ಮಾನ್ಯತೆ ಪಡೆದ ಪೆಥಾಲಜಿ ರೆಸಿಡೆನ್ಸಿಯೋ ಮೆಡಿಕಲ್ ಜೆನೆಟಿಕ್ಸ್ ರೆಸಿಡೆನ್ಸಿಯೋ ಮುಗಿದಿರಬೇಕು. ನಮ್ಮ ಎಂಡಿ ಇದೆಯಲ್ಲ ಅಂತ ಆ ವರ್ಷಗಳನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ದಾರಿ ಉದ್ದ. ಯುಎಸ್‌ಎಂಎಲ್ಇ (ಅಮೆರಿಕದ ವೈದ್ಯ ಲೈಸೆನ್ಸ್) ಪರೀಕ್ಷೆಗಳು, ಹೊರದೇಶದಲ್ಲಿ ಓದಿದ ವೈದ್ಯರಿಗೆ ಬೇಕಾದ ಇಸಿಎಫ್ಎಂಜಿ ಸರ್ಟಿಫಿಕೇಟ್, ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್, ರೆಸಿಡೆನ್ಸಿ, ಕೊನೆಗೆ ಇದು. ಆ ಪರೀಕ್ಷೆಗಳಲ್ಲಿ ಮೊದಲನೆಯದಾದ ಸ್ಟೆಪ್ 1ರಲ್ಲಿ 2022ರಿಂದ ಅಂಕಗಳೇ ಇಲ್ಲ, ಬರೀ ಪಾಸು-ಫೇಲು. ಹಾಗಾಗಿ ಸ್ಟೆಪ್ 2ರ ಅಂಕದ ಮೇಲೆ ಕಣ್ಣು ಜಾಸ್ತಿ. ಎಚ್-1ಬಿ ವೀಸಾ ಬೇಕು ಅಂದರೆ ಸ್ಟೆಪ್ 3 ಕೂಡ ಮುಗಿದಿರಬೇಕು. ಜೆ-1 ವೀಸಾ ಆದರೆ ತರಬೇತಿ ಮುಗಿದ ಮೇಲೆ ಊರಿಗೆ ಮರಳಿ 2 ವರ್ಷ ಇರಬೇಕು, ಇಲ್ಲವೇ ವೈದ್ಯರು ಕಡಿಮೆ ಇರುವ ಕಡೆ ಕೆಲಸ ಹಿಡಿದು ವಿನಾಯ್ತಿ ಪಡೆಯಬೇಕು. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಪಿಎಚ್‌ಡಿ ಮಾಡಿದವರೂ ಕೇಳುತ್ತಾರೆ. ಈ ಫೆಲೋಶಿಪ್ ವೈದ್ಯರಿಗೆ ಮಾತ್ರ. ಪಿಎಚ್‌ಡಿಯವರಿಗೆ ಲ್ಯಾಬೊರೇಟರಿ ಜೆನೆಟಿಕ್ಸ್ ಅಂಡ್ ಜೀನೋಮಿಕ್ಸ್ ಅನ್ನುವ 2 ವರ್ಷದ ಬೇರೆ ತರಬೇತಿ ಇದೆ. ಅದೂ ಒಳ್ಳೆಯದೇ. ಅದರ ಕಥೆ ಬೇರೆ.

ರೆಸಿಡೆನ್ಸಿ ಸಿಕ್ಕಿತು ಅಂದುಕೊಳ್ಳಿ. ಎರಡನೇ ವರ್ಷದಲ್ಲೇ ಒಂದು ತಿಂಗಳು ಮೊಲೆಕ್ಯುಲರ್ ಲ್ಯಾಬ್‌ನಲ್ಲಿ ಕೇಳಿ ಹಾಕಿಸಿಕೊಳ್ಳಿ. ಅರ್ಜಿಯ ಕಾಲ ಅನ್ನುವುದು ನೀವು ಅಂದುಕೊಂಡದ್ದಕ್ಕಿಂತ ತುಂಬಾ ಮುಂಚೆ ಬರುತ್ತದೆ. ಸೇರುವ ತಾರೀಕಿಗೆ ಒಂದೂವರೆ, ಎರಡು ವರ್ಷ ಮುಂಚೆಯೇ ಸೀಟು ತುಂಬಿಕೊಳ್ಳುವವರಿದ್ದಾರೆ. ಎಷ್ಟೋ ಕಡೆ ಇರುವುದೇ ಒಂದೋ ಎರಡೋ ಸೀಟು. ನಾನು ನಾಲ್ಕನೇ ವರ್ಷ ಶುರುವಾಗಲಿ, ಆರಾಮಾಗಿ ಹಾಕೋಣ ಅಂತ ಕೂತಿದ್ದೆ. ಒಂದು ಕಡೆಯಿಂದ ಎರಡೇ ಸಾಲಿನ ಉತ್ತರ ಬಂತು: ಸೀಟು ಹೋದ ವರ್ಷವೇ ತುಂಬಿದೆ. ಕೊನೆಗೆ ಬೇರೆ ಕಡೆ ಯಾರೋ ಬಿಟ್ಟುಹೋದ ಸೀಟು ಸಿಕ್ಕಿತು, ಅದು ನನ್ನ ಪುಣ್ಯ. ನೀವು ಪುಣ್ಯ ನಂಬಿಕೊಂಡು ಕೂರಬೇಡಿ.

ನವೆಂಬರ್ ಹೊತ್ತಿಗೆ ಅಸೋಸಿಯೇಷನ್ ಫಾರ್ ಮೊಲೆಕ್ಯುಲರ್ ಪೆಥಾಲಜಿಯ ವಾರ್ಷಿಕ ಸಭೆ ಇರುತ್ತದೆ. ಒಂದು ಪೋಸ್ಟರ್ ಹಿಡಿದು ಹೋಗಿ. ದೊಡ್ಡ ಸಂಶೋಧನೆಯೇ ಬೇಕು ಅಂತಿಲ್ಲ. ಒಂದು ವಿಚಿತ್ರ ಕೇಸು, ಅದನ್ನು ನೀವೇ ಬಿಡಿಸಿದ್ದು, ಅಷ್ಟು ಸಾಕು. ನಿಮ್ಮನ್ನು ಆರಿಸುವ ಡೈರೆಕ್ಟರುಗಳು ಅಲ್ಲೇ ಕಾಫಿ ಕಪ್ಪು ಹಿಡಿದು ಓಡಾಡುತ್ತಿರುತ್ತಾರೆ.

ಇಂಟರ್‌ವ್ಯೂನಲ್ಲಿ ಯಂತ್ರಗಳ ಹೆಸರು ಉದುರಿಸಬೇಡಿ. ಯಂತ್ರ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅವರು ಹುಡುಕುವುದು ಸ್ಲೈಡನ್ನೂ ಸೀಕ್ವೆನ್ಸನ್ನೂ (ಡಿಎನ್ಎ ಅಕ್ಷರಗಳ ಸಾಲು) ಒಟ್ಟಿಗೆ ಇಟ್ಟು ಯೋಚಿಸುವ ತಲೆಯನ್ನು. ಇದು ನನಗೆ ಹೇಗೆ ಅರ್ಥವಾಯಿತು ಅಂತ ಹೇಳುತ್ತೇನೆ.

ಫೆಲೋಶಿಪ್‌ನ ಎರಡನೇ ತಿಂಗಳು. ಕರುಳಿನ ಕ್ಯಾನ್ಸರ್ ಬಯಾಪ್ಸಿ. ಡಿಎನ್ಎ ಪರೀಕ್ಷೆಗೆ ಕಳಿಸುವ ಮುಂಚೆ ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ) ಸ್ಲೈಡ್ ನೋಡಿ, ಟ್ಯೂಮರ್ ಇರುವ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಅದರೊಳಗೆ ನೂರಕ್ಕೆ ಎಷ್ಟು ಕೋಶ ಕ್ಯಾನ್ಸರಿನದು ಅಂತ ಬರೆಯಬೇಕು. ಆಮೇಲೆ ಬಣ್ಣ ಹಾಕದ ಸ್ಲೈಡುಗಳನ್ನು ಅದರ ಮೇಲಿಟ್ಟು, ಅಷ್ಟೇ ಜಾಗವನ್ನು ಬ್ಲೇಡಿನಲ್ಲಿ ಕೆರೆದು ಟ್ಯೂಬಿಗೆ ಹಾಕುತ್ತಾರೆ. ನಾನು ನೋಡಿದೆ, ಗ್ರಂಥಿಗಳು ದಪ್ಪದಪ್ಪಗೆ ಕಂಡವು, 60 ಅಂತ ಬರೆದೆ. ರಿಸಲ್ಟ್ ಬಂತು. ಕೆಆರ್‌ಎಎಸ್ ಅನ್ನುವ ಜೀನಿನಲ್ಲಿ ಮ್ಯುಟೇಷನ್ ಇದೆ, ಆದರೆ ಓದಿದ ಡಿಎನ್ಎಯಲ್ಲಿ ನೂರಕ್ಕೆ 8 ಮಾತ್ರ. ಲೆಕ್ಕ ಹಾಕಿ. ಪ್ರತಿ ಕೋಶದಲ್ಲಿ ಜೀನಿನ ಎರಡು ಪ್ರತಿ, ಒಂದರಲ್ಲಿ ಮ್ಯುಟೇಷನ್. ಟ್ಯೂಮರ್ 60 ಆದರೆ ಸುಮಾರು 30 ಬರಬೇಕಿತ್ತು. ಹಾಗಾದರೆ ಇದು ಗಡ್ಡೆಯ ಒಂದು ಮೂಲೆಯಲ್ಲಿ ಮಾತ್ರ ಹುಟ್ಟಿದ ಮ್ಯುಟೇಷನ್ ಅಂತ ಜಾಣತನದ ಒಂದು ಪ್ಯಾರಾ ಬರೆದುಬಿಟ್ಟೆ.

ನಮ್ಮ ಡೈರೆಕ್ಟರ್ ಪ್ಯಾರಾ ಓದಲೇ ಇಲ್ಲ. ಸ್ಲೈಡನ್ನು ಮೈಕ್ರೋಸ್ಕೋಪಿಗೆ ಹಾಕಿ, 40 ಎಕ್ಸ್‌ಗೆ ತಿರುಗಿಸಿ, "ನ್ಯೂಕ್ಲಿಯಸ್ ಎಣಿಸು" ಅಂದರು. ಎಣಿಸಿದೆ. ಗ್ರಂಥಿಗಳ ಸುತ್ತ ಲಿಂಫೋಸೈಟುಗಳು (ಒಂದು ಬಗೆಯ ಬಿಳಿ ರಕ್ತಕಣ) ರಾಗಿ ಚೆಲ್ಲಿದಂತೆ ಬಿದ್ದಿದ್ದವು. ಒಂದೊಂದೂ ಪುಟ್ಟದು, ಆದರೆ ಒಂದೊಂದರಲ್ಲೂ ಕ್ಯಾನ್ಸರ್ ಕೋಶದಷ್ಟೇ ಡಿಎನ್ಎ, ಹೆಚ್ಚುಕಡಿಮೆ. ನಾನು ಜಾಗ ನೋಡಿದ್ದೆ, ತಲೆ ಎಣಿಸಿರಲಿಲ್ಲ. ನಿಜವಾದ ಲೆಕ್ಕ 15, 20ರ ಹತ್ತಿರ. ಆಗ 8 ಅನ್ನುವುದು ಸರಿಯಾಗಿ ಕೂತಿತು. ಮ್ಯುಟೇಷನ್ ಎಲ್ಲಾ ಕ್ಯಾನ್ಸರ್ ಕೋಶಗಳಲ್ಲೂ ಇತ್ತು. ಇದರಲ್ಲಿ ಇನ್ನೂ ಒಂದು ಅಪಾಯ ಇದೆ. ಪರೀಕ್ಷೆ 5ಕ್ಕಿಂತ ಕೆಳಗೆ ಹಿಡಿಯುವುದಿಲ್ಲ, ಟ್ಯೂಮರ್ 10ಕ್ಕಿಂತ ಕಡಿಮೆ ಇದೆ, ನೀವು 60 ಅಂತ ಬರೆದಿದ್ದೀರಿ ಅಂದರೆ, ಏನೂ ಸಿಗದಿದ್ದಾಗ ಧೈರ್ಯವಾಗಿ ನೆಗೆಟಿವ್ ಅಂತ ಸಹಿ ಹಾಕುತ್ತೀರಿ. ರೋಗಿಗೆ ತಪ್ಪು ಔಷಧಿ ಹೋಗುತ್ತದೆ.

ಆದ್ದರಿಂದ ಊರಿನಲ್ಲಿ ಎಂಡಿ ಮಾಡುವಾಗಲೇ ದಿನಕ್ಕೆ ಎರಡು ಸ್ಲೈಡ್ ತೆಗೆದುಕೊಂಡು ಶೇಕಡಾವಾರು ಅಂದಾಜು ಮಾಡಿ, ಆಮೇಲೆ ಎಣಿಸಿ ನೋಡಿ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ಹಾಗೆಯೇ ಗ್ರಾಸಿಂಗ್ ಟೇಬಲ್ (ಬಂದ ಮಾಂಸದ ತುಂಡನ್ನು ಕೊಯ್ದು ನೋಡುವ ಮೇಜು) ಹತ್ತಿರ ನಿಂತು ಗಮನಿಸಿ. ಮೂಳೆಯನ್ನು ಆಸಿಡ್‌ನಲ್ಲಿ ಮೆತ್ತಗೆ ಮಾಡಿದರೆ ಡಿಎನ್ಎ ಕಥೆ ಮುಗಿಯಿತು, ಇಡಿಟಿಎ ಅನ್ನುವ ರಾಸಾಯನಿಕದಲ್ಲಾದರೆ ಉಳಿಯುತ್ತದೆ. ಫಾರ್ಮಲಿನ್‌ನಲ್ಲಿ ವಾರಗಟ್ಟಲೆ ಕೂತ ಮಾಂಸದಲ್ಲಿ ಇಲ್ಲದ ಮ್ಯುಟೇಷನ್ ಕಾಣಿಸುತ್ತದೆ, ಡಿಎನ್ಎಯಲ್ಲಿ ಸಿ ಅಕ್ಷರ ಇದ್ದದ್ದು ಟಿ ಅಂತ ಓದಿಕೊಳ್ಳುತ್ತದೆ. ರಕ್ತವನ್ನು ಹೆಪಾರಿನ್ ಟ್ಯೂಬಿನಲ್ಲಿ ಕಳಿಸಿದರೆ ಪಿಸಿಆರ್ (ಡಿಎನ್ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮುಷ್ಕರ ಹೂಡುತ್ತದೆ, ನೇರಳೆ ಮುಚ್ಚಳದ್ದೇ ಬೇಕು. ಇಂಟರ್‌ವ್ಯೂನಲ್ಲಿ ಇಂಥ ಒಂದು ಮಾತು ನಿಮ್ಮ ಬಾಯಿಂದ ಬಂದರೆ ಎದುರಿಗಿದ್ದವರು ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ.

ವರ್ಷದ ಉಳಿದ ಕೆಲಸ ಬೇಗ ಹೇಳಿಬಿಡುತ್ತೇನೆ. ರಕ್ತದ ಕ್ಯಾನ್ಸರ್, ಗಟ್ಟಿ ಗಡ್ಡೆ, ವಂಶವಾಹಿ ಕಾಯಿಲೆ, ಸೋಂಕು ಎಲ್ಲವೂ ಬರುತ್ತವೆ. ವೇರಿಯಂಟಿಗೆ (ಡಿಎನ್ಎಯಲ್ಲಿ ಕಂಡ ಬದಲಾವಣೆಗೆ) ದರ್ಜೆ ಹಾಕಲು ಎರಡು ನಿಯಮಾವಳಿ ಬಾಯಿಪಾಠ ಆಗಬೇಕು: ಹುಟ್ಟಿನಿಂದ ಬಂದದ್ದಕ್ಕೆ 2015ರದ್ದು, ಐದು ದರ್ಜೆ, ಕ್ಯಾನ್ಸರಿನದಕ್ಕೆ 2017ರದ್ದು, ನಾಲ್ಕು ದರ್ಜೆ. ಎರಡನ್ನೂ ಕಲಸಿಬಿಡುವವರು ಜಾಸ್ತಿ. ಒಂದು ಹೊಸ ಟೆಸ್ಟನ್ನು ಶುರುವಿಂದ ಕೊನೆವರೆಗೆ ವ್ಯಾಲಿಡೇಟ್ ಮಾಡುವ (ಸರಿಯಾಗಿ ಕೆಲಸ ಮಾಡುತ್ತದೆ ಅಂತ ಸಾಬೀತು ಮಾಡುವ) ಕೆಲಸ ಕೇಳಿ ಪಡೆಯಿರಿ, ಬೇಜಾರಿನದಾದರೂ ಮುಂದೆ ಕೆಲಸ ಕೊಡಿಸುವುದು ಅದೇ. ಕೊನೆಗೆ ಬೋರ್ಡ್ ಪರೀಕ್ಷೆ, ಅಂದರೆ ತಜ್ಞೆ, ತಜ್ಞ ಅಂತ ಪ್ರಮಾಣಪತ್ರ ಕೊಡುವ ಪರೀಕ್ಷೆ. ಪೆಥಾಲಜಿ ಬೋರ್ಡು, ಜೆನೆಟಿಕ್ಸ್ ಬೋರ್ಡು ಸೇರಿ 2001ರಲ್ಲಿ ಶುರು ಮಾಡಿದ್ದು. ಮೊದಲು ನಿಮ್ಮ ಮೂಲ ವಿಷಯದ ಬೋರ್ಡ್ ಪಾಸಾಗಿರಬೇಕು.

ಇನ್ನು ಕಾಗದಪತ್ರ. ಜೂನ್ 30ಕ್ಕೆ ರೆಸಿಡೆನ್ಸಿ ಮುಗಿದು, ಸಾಮಾನ್ಯವಾಗಿ ಜುಲೈ 1ಕ್ಕೆ ಫೆಲೋಶಿಪ್ ಶುರು. ಊರು ಬದಲಾದರೆ ಮನೆ ಸಾಮಾನು ಸಾಗಿಸುವಷ್ಟರಲ್ಲೇ ರಾಜ್ಯದ ಲೈಸೆನ್ಸೂ ಕೈಗೆ ಬಂದಿರಬೇಕು. ನನ್ನ ಟ್ರಾನ್ಸ್‌ಕ್ರಿಪ್ಟಿಗಾಗಿ ಅಪ್ಪ ದಾವಣಗೆರೆಯಿಂದ ಮೂರು ಸಲ ರೈಲು ಹತ್ತಿ ವಿಶ್ವವಿದ್ಯಾಲಯದ ಕಚೇರಿಗೆ ಅಲೆದರು. ಒಮ್ಮೆ ಸಹಿ ಇಲ್ಲ, ಒಮ್ಮೆ ಸಾಹೇಬರಿಲ್ಲ. ನೀವು ಊರು ಬಿಡುವ ಮುಂಚೆಯೇ ಮೊಹರು ಹಾಕಿದ ನಾಲ್ಕೈದು ಲಕೋಟೆ ಮಾಡಿಸಿಕೊಳ್ಳಿ. ಒಳಗೆ ಏನಿದೆ ಅಂತ ಸುಮ್ನೆ ನೋಡೋಣ ಅಂತ ಬಿಚ್ಚಬೇಡಿ. ನಾನು ಒಂದನ್ನು ಬಿಚ್ಚಿದ್ದೆ. ಅಪ್ಪನ ಮೂರನೇ ಪ್ರಯಾಣ ಅದಕ್ಕೇ.