ಮಣ್ಣಿನ ವೇಷಕ್ಕೆ ದನಿ ಬಂದ ಬಗೆ

ಮಣ್ಣಿನಲ್ಲಿ ಯಕ್ಷಗಾನದ ವೇಷಗಳನ್ನು ಮಾಡಲು ತೊಡಗಿದ ಮೊದಲ ವರ್ಷಗಳಲ್ಲಿ ನಾನು ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ತಲೆಗೆ ಕಟ್ಟುವ ಕೇದಗೆ ಮುಂದಲೆ, ಭುಜಕೀರ್ತಿ, ಗೆಜ್ಜೆ ಎಲ್ಲವೂ ಅಚ್ಚುಕಟ್ಟಾಗಿಯೇ ಬರುತ್ತಿದ್ದವು. ಉಡುಪಿಯಲ್ಲಿ ನನಗೆ ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಹೆಜ್ಜೆ ಕಲಿಸುತ್ತಿದ್ದ ಗುರುಗಳು ಒಮ್ಮೆ ಮನೆಗೆ ಬಂದವರು, ಅಭಿಮನ್ಯುವಿನ ಮೂರ್ತಿಯನ್ನು ಸುತ್ತಲೂ ನಡೆದು ನೋಡಿ, "ಇವ ಕುಣಿಯುತ್ತಿಲ್ಲ ಮಾರಾಯ್ತಿ, ಕುಣಿದು ಮುಗಿಸಿ ನಿಂತಿದ್ದಾನೆ" ಎಂದರು. ಆ ಮಾತು ನನ್ನ ಕೆಲಸದ ಕ್ರಮವನ್ನೇ ಬದಲಾಯಿಸಿತು.

ಚಿತ್ರಗಳನ್ನು ಎತ್ತಿಟ್ಟೆ. ಚಂಡೆ ಬಾರಿಸುವ ಗೆಳೆಯನನ್ನು ಕರೆದು, ಏಕತಾಳದಲ್ಲಿ ಒಂದೇ ಹೆಜ್ಜೆಯನ್ನು ಮೈ ಬೆವರುವವರೆಗೆ ಕುಣಿದು, ಕಾಲಿಗೆ ಅದರ ನೆನಪು ಇರುವಾಗಲೇ ಮಣ್ಣಿಗೆ ಕೈ ಹಾಕುವುದನ್ನು ರೂಢಿ ಮಾಡಿಕೊಂಡೆ. ಆಗ ತಿಳಿದದ್ದೇನೆಂದರೆ, ಹೆಜ್ಜೆ ಊರಿದ ಗಳಿಗೆಯಲ್ಲಿ ಕುಣಿತ ಇರುವುದಿಲ್ಲ. ಊರುವುದಕ್ಕೆ ಸ್ವಲ್ಪ ಮುಂಚೆ, ಮೈಭಾರ ಒಂದು ಕಾಲನ್ನು ಬಿಟ್ಟು ಇನ್ನೊಂದಕ್ಕೆ ಇನ್ನೂ ತಲುಪದಿರುವಾಗ ಇರುತ್ತದೆ. ಗಿರಕಿ ಹೊಡೆಯುವಾಗ ಮೈ ತಿರುಗಿಯಾದ ಮೇಲೂ ಉಟ್ಟ ಬಟ್ಟೆ ಅರೆಗಳಿಗೆ ಹಿಂದೆ ಉಳಿಯುತ್ತದೆ. ಆ ಹಿಂದುಳಿದ ಅಂಚನ್ನು ಮಣ್ಣಿನಲ್ಲಿ ಹಿಡಿದ ದಿನ ನನ್ನ ಮೂರ್ತಿ ಮೊದಲ ಬಾರಿಗೆ ತಿರುಗಿತು.

ಆದರೆ ಹಸಿಮಣ್ಣು ಒಂಟಿ ಕಾಲಿನ ಮೇಲೆ ನಿಲ್ಲುವುದಿಲ್ಲ. ಅದಕ್ಕಾಗಿ ಮಂಡಿ ಕುಣಿತದ ಭಂಗಿಯನ್ನು ಆರಿಸಿಕೊಂಡೆ. ನೆಲಕ್ಕೂರಿದ ಎರಡು ಮಂಡಿ, ಸುತ್ತ ಹರಡಿದ ಬಟ್ಟೆ, ಮೇಲೆ ತಿರುಚಿದ ಬೆನ್ನು: ಮಣ್ಣಿಗೂ ಕುಣಿತಕ್ಕೂ ಇಷ್ಟು ಚೆನ್ನಾಗಿ ಹೊಂದುವ ಭಂಗಿ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ. ಮೂರ್ತಿ ಒಂದೂವರೆ ಅಡಿ ಎತ್ತರ, ಒಳಗೆ ಪೂರ್ತಿ ಪೊಳ್ಳು, ಗೋಡೆಯ ದಪ್ಪ ಅರ್ಧ ಇಂಚು. ಮಣ್ಣಿಗೆ ಬೆರೆಸುವುದು ಹಳೆಯ ಮನೆಗಳ ಒಡೆದ ಹೆಂಚನ್ನು ಕುಟ್ಟಿ ಜರಡಿ ಹಿಡಿದ ಪುಡಿಯನ್ನು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯ ಮಾಡುಗಳನ್ನು ಹೊದಿಸಿದ ಮಣ್ಣು ಅದು. ಒಮ್ಮೆ ಸುಟ್ಟ ಮಣ್ಣು ಮತ್ತೆ ಕುಗ್ಗುವುದಿಲ್ಲವಾದ್ದರಿಂದ ಆ ಪುಡಿ ಮೂರ್ತಿಯನ್ನು ಬಿರುಕಿನಿಂದ ಕಾಯುತ್ತದೆ.

ಆಷಾಢದ ಮಳೆಯಲ್ಲಿ, ಮುಟ್ಟಿದರೆ ಒಣಗಿದಂತಿದ್ದ ಎರಡು ಮೂರ್ತಿಗಳನ್ನು ಅವಸರದಲ್ಲಿ ಸುಟ್ಟೆ. ಒಳಗಿದ್ದ ನೀರು ಆವಿಯಾಗಿ ಎರಡೂ ಸಿಡಿದವು. ಈಗ ಇಡೀ ರಾತ್ರಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಾಯಿಸುತ್ತೇನೆ. ಮಣ್ಣಿನೊಳಗಿನ ಬೆಣಚುಕಲ್ಲಿನ ಕಣಗಳು 573 ಡಿಗ್ರಿಯಲ್ಲಿ ಒಮ್ಮೆಲೇ ಹಿಗ್ಗುವುದರಿಂದ ಅಲ್ಲಿಯೂ ನಿಧಾನಿಸಿ, 1000 ಡಿಗ್ರಿಗೆ ನಿಲ್ಲಿಸುತ್ತೇನೆ.

ಸಂಗೀತ ಸೇರಿದ್ದು ಈ ಪೊಳ್ಳಿನಿಂದ. ಸುಟ್ಟ ಮೂರ್ತಿಯನ್ನು ಬೆರಳಿನಿಂದ ತಟ್ಟಿ ಬಿರುಕು ಇದೆಯೇ ಎಂದು ಕೇಳುವುದು ಕುಂಬಾರರ ಪದ್ಧತಿ. ಹಾಗೆ ತಟ್ಟುತ್ತ, ಮುಂದಲೆಯ ಹಿಂದೆ ಬಿಟ್ಟಿದ್ದ ರಂಧ್ರದ ಅಂಚಿಗೆ ಒಮ್ಮೆ ಅಡ್ಡಲಾಗಿ ಊದಿದೆ. ಎದೆಯೊಳಗಿಂದ ಶಂಖಕ್ಕಿಂತ ಮೆದುವಾದ, ತುಂಬು ಸ್ವರವೊಂದು ಬಂತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೊಳ್ಳು ದೊಡ್ಡದಾದರೆ ಸ್ವರ ತಗ್ಗುತ್ತದೆ, ಆ ರಂಧ್ರದ ಬಾಯಿ ಅಗಲವಾದರೆ ಏರುತ್ತದೆ. ಹಸಿಯಿರುವಾಗಲೇ ಪದ್ಯ ಹಾಡುವ ಭಾಗವತರ ಷಡ್ಜಕ್ಕೆ, ಅಂದರೆ ಆಧಾರ ಸ್ವರಕ್ಕೆ, ಕೂಡಿಸಿ ಸುಟ್ಟರೆ, ಹೊರಬರುವಾಗ ಅದು ಹೆಚ್ಚುಕಡಿಮೆ ಒಂದು ಮೆಟ್ಟಿಲು ಮೇಲಿನ ಚತುಃಶ್ರುತಿ ರಿಷಭವಾಗಿರುತ್ತಿತ್ತು. ಕಾರಣ ಕುಗ್ಗುವಿಕೆ. ನನ್ನ ಮಣ್ಣಿನ 10 ಸೆಂಟಿಮೀಟರ್ ಪಟ್ಟಿ ಒಣಗಿ ಸುಟ್ಟ ಮೇಲೆ 9ಕ್ಕೆ ಇಳಿಯುತ್ತದೆ. ಪೊಳ್ಳೂ ಬಾಯಿಯೂ ಅದೇ ಪ್ರಮಾಣದಲ್ಲಿ ಕಿರಿದಾಗಿ ಸ್ವರ ಒಂದು ಮೆಟ್ಟಿಲು ಏರುತ್ತದೆ. ಆದ್ದರಿಂದ ಬೇಕಾದ ಸ್ವರಕ್ಕಿಂತ ಒಂದು ಮೆಟ್ಟಿಲು ಕೆಳಗೇ ಕೂಡಿಸಬೇಕು.

ರಂಗದಲ್ಲಿ ಇನ್ನೊಂದು ತೊಡಕು ಎದುರಾಯಿತು. ಚಂಡೆಯ ಅಬ್ಬರದಲ್ಲಿ ಮೂರ್ತಿಯ ದನಿ ಎರಡು ಮಾರು ದೂರಕ್ಕೂ ಕೇಳಿಸದು. ಮೈಕ್ ಇಡೋಣವೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ, ಏಕೆಂದರೆ ಮಣ್ಣಿನ ಉಸಿರನ್ನು ಕಿವಿಗೊಟ್ಟು ಕೇಳಬೇಕೆಂಬುದೇ ನನ್ನ ಆಸೆ. ಬದಲಿಗೆ ಭಾಗವತರೊಂದಿಗೆ ಕುಳಿತು ಪದ್ಯವನ್ನೇ ಹೊಂದಿಸಿಕೊಂಡೆವು. ನಾಲ್ಕು ಮೂರ್ತಿಗಳು ಮಣೆಗಳ ಮೇಲೆ, ಹೆಜ್ಜೆಯ ಅದುರು ತಟ್ಟದಂತೆ ಮರಳು ತುಂಬಿದ ಚೀಲಗಳ ಮೇಲೆ ಕುಳಿತಿರುತ್ತವೆ. ಕಲಾವಿದ ಅವುಗಳ ನಡುವೆ ಮಂಡಿಯಲ್ಲಿ ಸುತ್ತಿ ಬರುತ್ತಾನೆ. ಮುಕ್ತಾಯದೊಂದಿಗೆ ಚಂಡೆ, ಮದ್ದಳೆ ನಿಲ್ಲುತ್ತವೆ. ಹಾರ್ಮೋನಿಯಂನ ಶ್ರುತಿ ಮಾತ್ರ ಉಳಿಯುತ್ತದೆ. ಆಗ ಅವನು ಏದುಸಿರಿನಲ್ಲೇ ಬಾಗಿ ಮೂರ್ತಿಯ ಬಾಯಿಗೆ ಊದುತ್ತಾನೆ. ಕುಣಿದ ದಣಿವೆಲ್ಲ ಆ ಸ್ವರದ ನಡುಕದಲ್ಲಿ ಕೇಳಿಸುತ್ತದೆ.

ಪಂಚಮಕ್ಕೆಂದು ಮಾಡಿದ ಐದನೆಯ ಮೂರ್ತಿ ಈಗ ಒದ್ದೆ ಬಟ್ಟೆಯೊಳಗೆ ಮೆಲ್ಲನೆ ಒಣಗುತ್ತಿದೆ. ಊದಿದರೆ ಪಂಚಮಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಶುದ್ಧ ಮಧ್ಯಮ ಬರುತ್ತದೆ. ಸುಟ್ಟ ಮೇಲೆ ಅದು ಪಂಚಮಕ್ಕಿಂತ ಕೂದಲೆಳೆಯಷ್ಟು ತಗ್ಗಿ ನಿಂತರೆ, ಬಾಯಿಯ ಅಂಚನ್ನು ಅರದಿಂದ ಉಜ್ಜಿ ಏರಿಸಲು ಸ್ವಲ್ಪ ಮಣ್ಣು ಉಳಿಸಿಕೊಂಡಿದ್ದೇನೆ.