ಟಪ್ ಅಂದ ಕಾರ್ಡು

ಏಪ್ರಿಲ್ ತಿಂಗಳು, ಮದುವೆ ಸೀಸನ್ನು. ಬಳ್ಳಾರಿಯ ಕೌಲ್ ಬಜಾರ್ ಕಡೆಯ ಒಬ್ಬ ವಿಡಿಯೊ ಎಡಿಟಿಂಗ್ ಹುಡುಗ ನನ್ನ ರಿಪೇರಿ ಅಂಗಡಿಗೆ ಓಡಿ ಬಂದ. ಕೈಯಲ್ಲಿ ಕ್ಯಾರಿಬ್ಯಾಗು, ಅದರೊಳಗೆ ಪೇಪರ್ ಸುತ್ತಿದ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು, ಜಿಟಿಎಕ್ಸ್ 1060.

"ಅಣ್ಣಾ, ಟಪ್ ಅಂತು, ಹೊಗೆ ಬಂತು. ಆರು ಮದುವೆ ಬಾಕಿ ಅದಾವೆ. ಆಗುತ್ತೋ ಇಲ್ಲೋ ಹೇಳಿಬಿಡು."

ವಾಸನೆ ನೋಡಿ ಹೇಳಕ್ಕಾಗಲ್ಲಪ್ಪ, ಸಂಜೆ ಬಾ ಅಂದೆ. ಹೊಗೆ ಬಂದ ಕಾರ್ಡೆಲ್ಲ ಸತ್ತಿರಲ್ಲ. ಮೈಮೇಲೆ ಒಂದು ಕಲೆಯೂ ಇಲ್ಲದೆ ಸತ್ತ ಕಾರ್ಡುಗಳನ್ನೂ ನೋಡಿದ್ದೀನಿ. ನಡುವಿನ ದೊಡ್ಡ ಚಿಪ್, ಅಂದರೆ ಕೋರ್, ಉಳಿದಿದೆಯಾ ಅನ್ನೋದೇ ಪ್ರಶ್ನೆ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಸಪ್ಲೈ ಡಬ್ಬಿಯಿಂದ ಬರೋದು 12 ವೋಲ್ಟ್, ಕೋರಿಗೆ ಬೇಕಾಗಿರೋದು ಒಂದು ವೋಲ್ಟಿನ ಆಸುಪಾಸು. ಇಳಿಸಿ ಕೊಡೋ ಕೆಲಸ ಮಾಸ್ಫೆಟ್ (ಸ್ವಿಚ್ಚಿನ ಹಾಗೆ ಆನ್-ಆಫ್ ಆಗೋ ಚಿಪ್), ಕಾಯಿಲ್, ಕೆಪಾಸಿಟರ್‌ಗಳದ್ದು. 12 ವೋಲ್ಟಿನ ಕಡೆಯ ಮಾಸ್ಫೆಟ್ ಶಾರ್ಟ್ ಆದರೆ ಆ ಹನ್ನೆರಡೂ ನೇರ ಕೋರಿಗೆ ನುಗ್ಗಬಹುದು. ಹಾಗೆ ನುಗ್ಗಿ ಕೋರ್ ಹೋದರೆ ಬ್ರಹ್ಮ ಬಂದರೂ ಆಗಲ್ಲ.

ಶಾಖ ಹೊರಹಾಕೋ ಹೀಟ್‌ಸಿಂಕ್ ಬಿಚ್ಚಿದೆ. ರೆಕ್ಕೆಗಳ ನಡುವೆ ಕೆಂಪು ಧೂಳು ಹೆಪ್ಪುಗಟ್ಟಿತ್ತು, ನಮ್ಮೂರಲ್ಲಿ ಅದೇನು ಹೊಸದಲ್ಲ. ಆರು ಪಿನ್ನಿನ ಪವರ್ ಕನೆಕ್ಟರ್ ಪಕ್ಕ ಒಂದು ಕಡೆ ಬೋರ್ಡು ಕಪ್ಪಾಗಿತ್ತು. ಅಲ್ಲಿದ್ದ, ಅರ್ಧ ಅಕ್ಕಿಕಾಳಿನಷ್ಟು ದೊಡ್ಡ ಕೆಪಾಸಿಟರ್ ಸೀಳಿಹೋಗಿತ್ತು.

ಕರೆಂಟ್ ಕೊಡಲಿಲ್ಲ, ಮೊದಲು ಮೀಟರ್ ಇಟ್ಟೆ. 12 ವೋಲ್ಟ್ ಲೈನಿನಿಂದ ಗ್ರೌಂಡಿಗೆ 0.3 ಓಮ್, ಪಕ್ಕಾ ಶಾರ್ಟು. ಕೋರಿನ ಕಾಯಿಲಿನಿಂದ ಗ್ರೌಂಡಿಗೆ ಸುಮಾರು 2 ಓಮ್. ಇಲ್ಲೇ ಹೊಸಬರು ಎಡವೋದು. ಕೋರ್ ಲೈನಿನಲ್ಲಿ ಒಂದೆರಡು ಓಮ್, ದೊಡ್ಡ ಕಾರ್ಡುಗಳಲ್ಲಿ ಅದಕ್ಕಿಂತಲೂ ಕಡಿಮೆ ಬರೋದು ಸಹಜ, ಶಾರ್ಟ್ ಅಲ್ಲ. ಇದು ಗೊತ್ತಿಲ್ಲದ ಕಾಲದಲ್ಲಿ ಒಂದು ಕಾರ್ಡಿನ ಮಾಸ್ಫೆಟ್ಟನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದ್ದೆ, ಅದರ ನಿಜವಾದ ತೊಂದರೆ ಕಾರ್ಡನ್ನು ಶುರು ಮಾಡಿಸೋ ಬಯೋಸ್ ಚಿಪ್ಪಿನಲ್ಲಿತ್ತು. ಆ ಗಿರಾಕಿ ಇವತ್ತಿಗೂ ನನ್ನ ಅಂಗಡಿ ಮುಂದೆ ಬೈಕ್ ನಿಲ್ಲಿಸಲ್ಲ.

ಆಮೇಲೆ 12 ವೋಲ್ಟ್ ಲೈನಿಗೂ ಕಾಯಿಲಿಗೂ ನಡುವೆ ಅಳೆದೆ. ಅಲ್ಲೂ ಸುಮಾರು ಎರಡೇ ಓಮ್ ಬಂತು. ಮಾಸ್ಫೆಟ್ ಶಾರ್ಟ್ ಆಗಿದ್ದರೆ ಸೊನ್ನೆಗೆ ಬಂದು ನಿಲ್ಲಬೇಕಿತ್ತು. ಅಲ್ಲಿಗೆ ಜೀವ ಬಂತು ನನಗೆ.

ಉಳಿದ ಅನುಮಾನ ಆ ಸೀಳಿದ ಕೆಪಾಸಿಟರ್ ಮೇಲೆ. ಅದನ್ನು ಕೀಳೋದಕ್ಕೆ ಹಾಟ್ ಏರ್, ಅಂದರೆ ಬಿಸಿಗಾಳಿ ಗನ್, ಒಂದೇ ಸಾಲದು. ಬೋರ್ಡಿನೊಳಗೆ ಪದರ ಪದರ ತಾಮ್ರ, ಎಷ್ಟು ಶಾಖ ಕೊಟ್ಟರೂ ಕುಡಿದುಬಿಡುತ್ತೆ. ಸೀಸವಿಲ್ಲದ ಸೋಲ್ಡರ್ ಕರಗೋಕೆ 217 ಡಿಗ್ರಿ ಬೇಕು. ಕೆಳಗಿನಿಂದ ಪ್ರೀಹೀಟರ್ ಇಟ್ಟು ಬೋರ್ಡು 130 ಡಿಗ್ರಿಗೆ ಬಂದಮೇಲೆ ಫ್ಲಕ್ಸ್ (ಸೋಲ್ಡರ್ ಸಲೀಸಾಗಿ ಹರಿಯೋಕೆ ಹಚ್ಚೋ ಅಂಟು) ಹಚ್ಚಿ ಮೇಲಿನಿಂದ ಗಾಳಿ ಬಿಟ್ಟೆ. ಸೀಲಿಂಗ್ ಫ್ಯಾನ್ ಹಾಕೋ ಹಾಗಿಲ್ಲ, ಬೋರ್ಡು ಒಂದು ಕಡೆಯಿಂದ ತಣ್ಣಗಾಗುತ್ತೆ. ಬಳ್ಳಾರಿಯ ಏಪ್ರಿಲ್, ಮಧ್ಯಾಹ್ನ ಮೂರು ಗಂಟೆ, ಫ್ಯಾನ್ ಆಫ್. ಕಾರ್ಡಿಗಿಂತ ಮೊದಲು ನಾನೇ ಕರಗೋ ಹಾಗಿದ್ದೆ.

ಕೆಪಾಸಿಟರ್ ಎದ್ದು ಬಂತು. ಮೀಟರ್ ಇಟ್ಟರೆ 14 ಓಮ್! ಶಾರ್ಟ್ ಹೋಗಿದೆ, ಆದರೆ ಪೂರ್ತಿ ಹೋಗಿಲ್ಲ. ಸುಟ್ಟ ಬೋರ್ಡು ಇದ್ದಿಲಾಗಿರುತ್ತೆ, ಇದ್ದಿಲಿನಲ್ಲಿ ಕರೆಂಟ್ ಹರಿಯುತ್ತೆ. ಹಾಗೇ ಬಿಟ್ಟು ಹೊಸ ಕೆಪಾಸಿಟರ್ ಕೂರಿಸಿದರೆ ನಾಲ್ಕು ದಿನ ಓಡಿ ಮತ್ತೆ ಅದೇ ಜಾಗ ಸುಡುತ್ತೆ. ಮೈಕ್ರೋಸ್ಕೋಪ್ ಕೆಳಗಿಟ್ಟು ಸರ್ಜಿಕಲ್ ಬ್ಲೇಡಿನಲ್ಲಿ ಕೆರೆಯೋಕೆ ಕೂತೆ. ಕೆರೆಯೋದು, ಐಪಿಎ (ಬೋರ್ಡು ಒರೆಸೋ ಆಲ್ಕೋಹಾಲ್) ಹಾಕಿ ಒರೆಸೋದು, ಅಳೆಯೋದು. 14 ಇದ್ದದ್ದು 60, ಆಮೇಲೆ 400. ಕಪ್ಪು ಹೋಗಿ ಫೈಬರಿನ ಬಿಳಿ ಎಳೆ ಕಾಣಿಸಿದಾಗ ಮೀಟರ್ ಕಿಲೋ ಓಮಿಗೆ ಹಾರಿತು. ಎರಡು ಗಂಟೆ ಹಿಡಿದದ್ದು ಇದಕ್ಕೇ, ಉಳಿದದ್ದೆಲ್ಲ ಅರ್ಧ ಗಂಟೆ ಕೆಲಸ. ಗುಂಡಿಗೆ ಯುವಿ ಮಾಸ್ಕ್ (ಯುವಿ ಬೆಳಕಿಗೆ ಗಟ್ಟಿಯಾಗೋ ಲೇಪ) ತುಂಬಿ ಒಣಗಿಸಿ, ಗುಜರಿ ಕಾರ್ಡೊಂದರಲ್ಲಿ ಅದೇ ಜಾಗದಲ್ಲಿದ್ದ ಕೆಪಾಸಿಟರ್ ಕಿತ್ತು ಕೂರಿಸಿದೆ. ಥರ್ಮಲ್ ಪೇಸ್ಟು, ಪ್ಯಾಡು ಹೊಸದು.

ಟೆಸ್ಟಿಗೆ ನನ್ನ ಹಳೇ ಮದರ್‌ಬೋರ್ಡೊಂದಿದೆ, ಹೋದರೂ ಅಳಬೇಕಾಗಿಲ್ಲ. ಆನ್ ಮಾಡಿದಾಗ ಎಸ್‌ಎಂಪಿಎಸ್ ಟ್ರಿಪ್ ಆಗಲಿಲ್ಲ. ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬಂತು. ಕಾರ್ಡಿಗೆ ಪೂರ್ತಿ ಲೋಡ್ ಕೊಡೋ ಫರ್ಮಾರ್ಕ್ ಸಾಫ್ಟ್‌ವೇರನ್ನು ಅರ್ಧ ಗಂಟೆ ಓಡಿಸಿದೆ, 74 ಡಿಗ್ರಿ ದಾಟಲಿಲ್ಲ. ಹುಡುಗನ ಹತ್ತಿರ 1,500 ರೂಪಾಯಿ ತಗೊಂಡೆ. ಗ್ಯಾರಂಟಿ ತಿಂಗಳು ಮಾತ್ರ, ಧೂಳು ಹೊಡೆಸದಿದ್ದರೆ ಅದೂ ಇಲ್ಲ ಅಂದೆ.

ಅದೇ ವಾರ ಫ್ಲೆಕ್ಸ್ ಅಂಗಡಿಯವರೊಬ್ಬರು ಇನ್ನೊಂದು ಕಾರ್ಡು ತಂದರು. ನೋಡೋಕೆ ಹೊಸದರ ಹಾಗಿತ್ತು. 12 ವೋಲ್ಟಿನಿಂದ ಕಾಯಿಲಿಗೆ ಸೊನ್ನೆ. ಮಾಸ್ಫೆಟ್ ತೆಗೆದ ಮೇಲೂ ಕೋರ್ ಲೈನಿನಲ್ಲಿ ಸೊನ್ನೆಯೇ. ಹೋಗಿದೆ ಸಾರ್ ಅಂದೆ.

"ಯೂಟ್ಯೂಬಲ್ಲಿ ಓವನ್ನಿಗೆ ಇಟ್ಟು ಬೇಯಿಸ್ತಾರಲ್ರೀ?"

ಚಿಪ್ಪಿನ ಕನೆಕ್ಷನ್ ಸಡಿಲವಾಗಿದ್ದರೆ ಬಿಸಿಗೆ ನಾಲ್ಕು ದಿನ ಕೂಡಿಕೊಳ್ಳಬಹುದು ಸಾರ್, ಇದು ಒಳಗೇ ಸುಟ್ಟಿದೆ, ಬೇಯಿಸಿದರೆ ಪ್ಲಾಸ್ಟಿಕ್ ವಾಸನೆ ಬಿಟ್ಟು ಬೇರೇನೂ ಬರಲ್ಲ ಅಂದೆ. ದುಡ್ಡು ತಗೊಳ್ಳಲಿಲ್ಲ. ಅವರು ಕಾರ್ಡು ನನಗೇ ಬಿಟ್ಟು ಹೋದರು. ಅದರ ನಾಲ್ಕು ಕೆಪಾಸಿಟರು, ಎರಡು ಮಾಸ್ಫೆಟ್ಟು ಈಗಾಗಲೇ ಬೇರೆ ಕಾರ್ಡುಗಳಲ್ಲಿ ಓಡ್ತಿವೆ.