ಪಿಕಪ್ ಗಾಡಿಗೆ ಟ್ಯೂನಿಂಗ್ ಬಾಕ್ಸ್: ನಾನು ಹಾಕಿದ್ದು ಹೀಗೆ

ಪಿಕಪ್ ಅಂದರೆ ನಮ್ಮ ಕಡೆ ಎರಡು ಅರ್ಥ. ಒಂದು ಗಾಡಿ. ಇನ್ನೊಂದು ಆ ಗಾಡಿ ಎಳೆಯುವ ಜೋರು. ಎರಡು ವರ್ಷದ ಹಿಂದೆ ನನ್ನ ಹತ್ತಿರ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ನಮ್ಮೂರು ಕಾರಟಗಿ. ನನ್ನದು 2018ರ ಬಿಎಸ್4 (ಹೊಗೆ ಮಿತಿಯ ಹಳೆಯ ಹಂತ) ಗಾಡಿ, ಎರಡೂವರೆ ಲೀಟರ್ ಕಾಮನ್ ರೇಲ್ ಎಂಜಿನ್, 1.7 ಟನ್ ಪಾಸಿಂಗ್. ಸುಗ್ಗಿಯಲ್ಲಿ ನೆಲ್ಲು, ಉಳಿದ ದಿನ ಗೊಬ್ಬರ, ಸಿಮೆಂಟು, ಕುಷ್ಟಗಿ ಕಡೆಯ ದಾಳಿಂಬೆ. ತಿಂಗಳಿಗೆ ಎರಡು ಮೂರು ಸಲ ಸಂಡೂರಿನ ಬಾಡಿಗೆ ಸಿಗುತ್ತದೆ. ಅಲ್ಲಿಯ ಗುಡ್ಡದ ಏರಿನಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಬಿತ್ತು. ಹಿಂದೆ ಲಾರಿಯವರು ಹಾರನ್ ಹೊಡೆಯುತ್ತಿದ್ದರು. ಆಗ ಟ್ಯೂನರ್, ಅಂದರೆ ಎಂಜಿನ್ನಿನ ಜೋರು ಏರಿಸುವ ಡಬ್ಬಿ, ಅದರ ಹುಚ್ಚು ಹತ್ತಿತು.

ಮೊದಲು ಮೋಸ ಹೋದ ಕಥೆ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಒಂದು ಸಣ್ಣ ಡಬ್ಬಿ ತರಿಸಿದೆ. ಸ್ಟೀರಿಂಗ್ ಕೆಳಗೆ ಮಿಸ್ತ್ರಿಗಳು ಸ್ಕ್ಯಾನರ್ ಹಚ್ಚುವ ಓಬಿಡಿ ಸಾಕೆಟ್‌ಗೆ ಚುಚ್ಚಿದರೆ ಸಾಕು, ಎಂಜಿನ್ ತಾನೇ ಕಲಿತುಕೊಂಡು ಜೋರು ಜಾಸ್ತಿ ಆಗುತ್ತದೆ ಅಂತ ಬರೆದಿದ್ದರು. ಚುಚ್ಚಿದೆ. ಹಸಿರು ದೀಪ ಮಿಣಮಿಣ ಅಂತು. ಒಂದು ವಾರ ನನಗೂ ಗಾಡಿ ಹಗುರ ಆದ ಹಾಗೆ ಅನಿಸಿತು, ದುಡ್ಡು ಕೊಟ್ಟಿದ್ದೆ ಅಲ್ವಾ! ಆಮೇಲೆ ಗಂಗಾವತಿಯ ಒಬ್ಬ ಮೊಬೈಲ್ ರಿಪೇರಿಯವನ ಹತ್ತಿರ ಬಿಚ್ಚಿಸಿದೆ. ಒಳಗೆ ಒಂದು ಪುಟ್ಟ ಚಿಪ್ಪು, ಮೂರು ದೀಪ. ಓಬಿಡಿ ಸಾಕೆಟ್‌ನಲ್ಲಿ 16 ಪಿನ್ ಇರುತ್ತವೆ. ಈಗಿನ ಗಾಡಿಗಳಲ್ಲಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಮಾತಾಡುವುದು 6 ಮತ್ತು 14ನೇ ಪಿನ್ ಮೇಲೆ. ಆ ಎರಡು ಪಿನ್ನಿಗೆ ಒಳಗಡೆ ತಂತಿಯೇ ಇರಲಿಲ್ಲ. ಕರೆಂಟಿನ ಪಿನ್ನಿಗೆ ಮಾತ್ರ ಇತ್ತು. ಅಂದರೆ ನಾನು ಕೊಂಡದ್ದು ದೀಪ. ಸಾಕೆಟ್‌ಗೆ ಸುಮ್ನೆ ಚುಚ್ಚಿ ಮರೆತುಬಿಡಿ ಅನ್ನುವ ಅಗ್ಗದ ಡಬ್ಬಿ ಕಂಡರೆ ಮುಂದೆ ಹೋಗಿ.

ನಿಜವಾದ ಟ್ಯೂನಿಂಗ್‌ನಲ್ಲಿ ಎರಡು ಬಗೆ. ಒಂದು ರೀಮ್ಯಾಪ್. ಲ್ಯಾಪ್‌ಟಾಪ್ ಹಚ್ಚಿ ಇಸಿಯು ಒಳಗಿನ ಫೈಲನ್ನೇ ಬದಲಿಸುತ್ತಾರೆ. ಡೀಸೆಲ್ಲು, ಟರ್ಬೋ ಒತ್ತಿ ಊದುವ ಗಾಳಿ, ಟಾರ್ಕ್ (ಎಳೆಯುವ ಬಲ) ಮಿತಿ ಎಲ್ಲಾ ಒಟ್ಟಿಗೆ ತಿದ್ದಬಹುದು. ಕೈ ಪಳಗಿದವರು ಮಾಡಿದರೆ ಇದೇ ಒಳ್ಳೆಯದು. ಮಾಡಿಸುವುದಾದರೆ ಕಂಪನಿಯ ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಮೊದಲೇ ಕೇಳಿ ಇಟ್ಟುಕೊಳ್ಳಿ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿಯೇ ಇರಬೇಕು. ನಡುವೆ ಕರೆಂಟು ಕುಸಿದರೆ ಇಸಿಯು ಸತ್ತೇ ಹೋಗಬಹುದು.

ಇನ್ನೊಂದು ಟ್ಯೂನಿಂಗ್ ಬಾಕ್ಸ್. ನಾನು ಹಾಕಿದ್ದು ಇದು, ಯಾಕಂದರೆ ಬೇಡ ಅಂದಾಗ ಹತ್ತು ನಿಮಿಷದಲ್ಲಿ ಬಿಚ್ಚಬಹುದು. ಇದು ಮಾಡುವ ಕೆಲಸ ಒಂದೇ: ಸುಳ್ಳು ಹೇಳುವುದು. ಇಂಜೆಕ್ಟರ್‌ಗಳಿಗೆ ಡೀಸೆಲ್ಲು ಹಂಚುವ ರೇಲ್ ಪೈಪಿನ ಪ್ರೆಶರ್ ಸೆನ್ಸಾರ್‌ಗೂ ಇಸಿಯುಗೂ ನಡುವೆ ಕೂರುತ್ತದೆ. ರೇಲಿನಲ್ಲಿ 1000 ಬಾರ್ ಒತ್ತಡ ಇದ್ದರೆ ಇಸಿಯುಗೆ 900 ಅಂತ ಹೇಳುತ್ತದೆ. ಅಯ್ಯೋ ಕಡಿಮೆ ಇದೆ ಅಂತ ಇಸಿಯು ಪ್ರೆಶರ್ ಏರಿಸುತ್ತದೆ. ಸಿಲಿಂಡರ್ ಒಳಗೆ ಡೀಸೆಲ್ಲು ಚಿಮ್ಮಿಸುವ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೂ ಡೀಸೆಲ್ಲು ಜಾಸ್ತಿ ಬೀಳುತ್ತದೆ. ಗಾಳಿ ಮಾತ್ರ ಅಷ್ಟೇ ಇರುತ್ತದೆ. ತಂಟೆ ಎಲ್ಲಾ ಹುಟ್ಟುವುದು ಇಲ್ಲಿಂದ. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗೆ ಈ ಬಾಕ್ಸ್ ಹಾಕಲು ಜಾಗವೇ ಇಲ್ಲ.

ಹಾಕುವ ಮುಂಚೆ ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಾರಂಟಿ ಇರುವ ಗಾಡಿಯಾದರೆ ಅದೂ ಕೈ ಬಿಡಬಹುದು. ಆದ್ದರಿಂದ ಮೊದಲು ಆರ್‌ಟಿಓದಲ್ಲಿ ಕೇಳಿ, ವಿಮೆಯವರಿಗೆ ಬರೆದು ತಿಳಿಸಿ. ಬಿಎಸ್6 ಡೀಸೆಲ್ ಗಾಡಿ ಇದ್ದವರು ಈ ಬಾಕ್ಸ್ ಆಸೆಯನ್ನೇ ಬಿಡುವುದು ಒಳ್ಳೆಯದು. ಅವುಗಳ ಸೈಲೆನ್ಸರ್‌ನಲ್ಲಿ ಸಾಮಾನ್ಯವಾಗಿ ಡಿಪಿಎಫ್ ಅನ್ನುವ ಮಸಿ ಜಾಲರಿ ಇರುತ್ತದೆ. ಡೀಸೆಲ್ಲು ಜಾಸ್ತಿ ಸುರಿದರೆ ಮಸಿ ಜಾಸ್ತಿ, ಜಾಲರಿ ಕಟ್ಟಿಕೊಳ್ಳುತ್ತದೆ. ಅದನ್ನೇ ಕಿತ್ತು ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅವರ ಅಂಗಡಿಯಲ್ಲಿ ಚಹಾ ಕುಡಿದು ಎದ್ದು ಬನ್ನಿ.

ಈಗ ಕೆಲಸ. ನಾನು ಬಾಕ್ಸ್ ಹಿಡಿದು ನಮ್ಮ ಮಿಸ್ತ್ರಿ ಹತ್ತಿರ ಹೋದಾಗ ಅವನು ಅದನ್ನು ಮುಟ್ಟಲೇ ಇಲ್ಲ. "ಅಣ್ಣಾ, ಮೊದ್ಲು ಗಾಡಿ ಸರಿಯಾಗಿ ಉಸಿರಾಡ್ಲಿ. ಆಮ್ಯಾಲೆ ಜಾಸ್ತಿ ಊಟ ಹಾಕೋಣಂತ" ಅಂದ. ಬಾಕ್ಸ್ ಡ್ಯಾಶ್‌ಬೋರ್ಡಿಗೆ ಹೋಯಿತು. ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಕಾಲುವೆ ರಸ್ತೆಯ ಧೂಳು, ಭತ್ತದ ಹೊಟ್ಟು, ಒಂದು ಹಿಡಿ ಬಿತ್ತು. ಅದನ್ನು ಬದಲಿಸಿದೆವು. ಡೀಸೆಲ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಿಟ್ಟ. ಸುಮಾರು ಅರ್ಧ ಲೋಟ ನೀರು.

ಆಮೇಲೆ ಫೋನು ತೆಗೆದೆವು. ಇಎಲ್‌ಎಂ327 ಅನ್ನುವ ಬ್ಲೂಟೂತ್ ಅಡಾಪ್ಟರ್ ಸಿಗುತ್ತದೆ. ಇದೂ ಓಬಿಡಿ ಸಾಕೆಟ್‌ಗೇ ಚುಚ್ಚುವುದು, ಆದರೆ ಇದು ಓದಲಿಕ್ಕೆ ಅಷ್ಟೇ, ಎಂಜಿನ್ ಟ್ಯೂನಿಂಗ್ ಬದಲಿಸಲ್ಲ. ಟ್ಯೂನರ್ ಕೊಳ್ಳುವ ಮುಂಚೆ ಇದನ್ನು ಕೊಳ್ಳಿ. ಎಂಜಿನ್ ಬಂದ್ ಇಟ್ಟು ಕೀ ಮಾತ್ರ ಆನ್ ಮಾಡಿ, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್ ನೋಡಿದರೆ ಹೊರಗಿನ ಗಾಳಿಯ ಒತ್ತಡ ತೋರಿಸಬೇಕು. ನಮ್ಮ ಎತ್ತರಕ್ಕೆ 95ರಿಂದ 97 ಕಿಲೋಪಾಸ್ಕಲ್. ಅಷ್ಟು ಬಂದರೆ ಸೆನ್ಸಾರ್ ಸರಿ ಇದೆ ಅಂತ. ಲೋಡಿನಲ್ಲಿ ಪೂರಾ ಒತ್ತಿದಾಗ ನನ್ನ ಗಾಡಿ 155 ತೋರಿಸಿತು. ಟರ್ಬೋ ಊದುತ್ತಿದೆ, ಗಾಳಿ ಎಲ್ಲೋ ಸೋರುತ್ತಿದೆ ಅಂದ ಮಿಸ್ತ್ರಿ. ಟರ್ಬೋ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸ್ ಮೇಲೆ ಕೈ ಆಡಿಸಿದರೆ ಒಂದು ಕಡೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕಪ್ಪಗೆ ಅಂಟಿತ್ತು. ಅಲ್ಲಿ ಸೋಪಿನ ನೀರು ಹಚ್ಚಿ ರೇಸ್ ಕೊಟ್ಟಾಗ ಗುಳ್ಳೆ ಎದ್ದಿತು. ಕ್ಲಾಂಪ್ ಕೆಳಗೆ ಬೆರಳಿನಷ್ಟು ಉದ್ದದ ಸೀಳು. ಹೊಸ ಹೋಸ್ ಹಾಕಿದ ಮೇಲೆ ಅದೇ ಏರಿನಲ್ಲಿ 190 ಬಂತು.

ಇಂಜೆಕ್ಟರ್ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಇಂಜೆಕ್ಟರ್‌ಗಳಿಂದ ಟ್ಯಾಂಕಿಗೆ ವಾಪಸ್ ಹೋಗುವ ಸಣ್ಣ ರಿಟರ್ನ್ ಪೈಪುಗಳನ್ನು ಬಿಚ್ಚಿ, ಮೆಡಿಕಲ್ ಶಾಪಿನ ಸಲೈನ್ ಟ್ಯೂಬ್ ಸಿಕ್ಕಿಸಿ, ನಾಲ್ಕು ಖಾಲಿ ನೀರಿನ ಬಾಟಲಿಗೆ ಇಳಿಬಿಟ್ಟ. ಎಂಜಿನ್ ಐದು ನಿಮಿಷ ಓಡಿಸಿದೆವು. ಮೂರು ಬಾಟಲಿಯಲ್ಲಿ ಎರಡು ಬೆರಳು ಡೀಸೆಲ್ಲು. ಮೂರನೇ ನಂಬರಿನದರಲ್ಲಿ ಮಾತ್ರ ಐದು ಬೆರಳು. ಆ ಇಂಜೆಕ್ಟರ್ ಒಳಗೆ ಸವೆದಿತ್ತು. ಇಂಥ ಗಾಡಿಯಲ್ಲಿ ರೇಲ್ ಪ್ರೆಶರ್ ಏರಿಸಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ. ಅದನ್ನು ಬಿಚ್ಚಿ ಬಳ್ಳಾರಿಗೆ ಒಯ್ದು ರಿಪೇರಿ ಮಾಡಿಸಿದೆ. ಬಾಕ್ಸಿಗಿಂತ ಜಾಸ್ತಿ ದುಡ್ಡು ಅಲ್ಲೇ ಹೋಯಿತು.

ಕ್ಲಚ್ ಕೂಡ ನೋಡಬೇಕು. ಖಾಲಿ ರಸ್ತೆಯಲ್ಲಿ ಟಾಪ್ ಗೇರು ಹಾಕಿ, 40ರ ವೇಗದಲ್ಲಿ ಎಕ್ಸಲರೇಟರ್ ಪೂರಾ ಒತ್ತಿ. ಎಂಜಿನ್ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಅಂತ ಅರ್ಥ. ಜಾರುವ ಪ್ಲೇಟಿಗೆ ಟ್ಯೂನರ್ ಹಾಕಿದರೆ ಒಂದೇ ವಾರಕ್ಕೆ ಸುಟ್ಟ ವಾಸನೆ.

ಇಷ್ಟಾದ ಮೇಲೆ ಗಾಡಿ ಸಂಡೂರಿನ ಏರನ್ನು ಬಾಕ್ಸ್ ಇಲ್ಲದೆಯೇ ಮೂರನೇ ಗೇರಿನಲ್ಲಿ ಹತ್ತಿತು. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಡ್ಯಾಶ್‌ಬೋರ್ಡಿನಲ್ಲಿ ಬಾಕ್ಸ್ ಇತ್ತಲ್ಲ, ಕೈ ಸುಮ್ಮನಿರಲಿಲ್ಲ.

ಹಾಕಲು ಬೆಳಗಿನ ಹೊತ್ತೇ ಒಳ್ಳೆಯದು, ಎಂಜಿನ್ ತಣ್ಣಗಿರುತ್ತದೆ. ಕೀ ತೆಗೆದು ಇಪ್ಪತ್ತು ನಿಮಿಷ ಬಿಡಿ, ಇಸಿಯು ಮಲಗಲಿ. ಬ್ಯಾಟರಿಯ ಮೈನಸ್ ಬಿಚ್ಚಿ. ಎಂಜಿನ್ ಮೇಲೆ ನಾಲ್ಕು ಸ್ಟೀಲ್ ಪೈಪು ಹೊರಡುವ ದಪ್ಪ ಕೊಳವೆಯೇ ರೇಲ್. ಅದರ ತುದಿಯಲ್ಲಿ ಮೂರು ತಂತಿಯ ಪ್ಲಗ್ ಇರುವುದು ಪ್ರೆಶರ್ ಸೆನ್ಸಾರ್. ಪ್ಲಗ್ ಮಾತ್ರ ಬಿಚ್ಚಬೇಕು. ಸೆನ್ಸಾರ್‌ಗಾಗಲಿ ಸ್ಟೀಲ್ ಪೈಪಿಗಾಗಲಿ ಪಾನಾ ಹಾಕಬೇಡಿ. ಓಡುವ ಎಂಜಿನ್ನಿನಲ್ಲಿ ಆ ಪೈಪಿನ ಸಂದಿಯಿಂದ ಚಿಮ್ಮುವ ಡೀಸೆಲ್ಲು ಸೂಜಿಯ ಹಾಗೆ ಚರ್ಮದ ಒಳಗೇ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಓಡಬೇಕು.

ಪ್ಲಗ್ಗಿನ ಲಾಕ್ ಒತ್ತಿ ಮೆಲ್ಲಗೆ ಎಳೆಯಿರಿ. ಹಳೆಯ ಪ್ಲಾಸ್ಟಿಕ್ಕು ಬಿಸಿಲಿಗೆ ಒಣಗಿ ಕಡ್ಡಿಯಾಗಿರುತ್ತದೆ, ನನ್ನದು ಪಟಕ್ಕನೆ ಮುರಿಯಿತು. ಈಗಲೂ ಕೇಬಲ್ ಟೈ ಕಟ್ಟಿಕೊಂಡೇ ಇದ್ದೇನೆ. ಬಾಕ್ಸಿನ ಒಂದು ಪ್ಲಗ್ ಸೆನ್ಸಾರ್‌ಗೆ, ಇನ್ನೊಂದು ಗಾಡಿಯ ವೈರಿಗೆ. ತಪ್ಪಾಗಿ ಹಾಕಲು ಬರುವುದಿಲ್ಲ. ವೈರು ಎಕ್ಸಾಸ್ಟ್ ಮತ್ತು ಫ್ಯಾನ್ ಬೆಲ್ಟಿನಿಂದ ದೂರ ಇರಲಿ. ಬಾಕ್ಸನ್ನು ಬ್ಯಾಟರಿ ಪಕ್ಕ ಪ್ಲಗ್ ಕೆಳಮುಖವಾಗಿ ಕಟ್ಟಿ, ಮಳೆ ನೀರು ಒಳಗೆ ಇಳಿಯಲ್ಲ. ನನ್ನ ಬಾಕ್ಸಿನಲ್ಲಿ 0ಯಿಂದ 7ರವರೆಗೆ ನಂಬರ್ ಇದೆ. ಬರುವಾಗ 5ರಲ್ಲಿ ಇಟ್ಟು ಕಳಿಸಿದ್ದರು. ಅದನ್ನು 1ಕ್ಕೆ ಇಳಿಸಿ, ಬ್ಯಾಟರಿಯ ಮೈನಸ್ ಮತ್ತೆ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿದೆ.

ಇಲ್ಲಿ ಒಂದು ಸೂಕ್ಷ್ಮ. ಬಾಕ್ಸ್ ಹಾಕಿದ ಮೇಲೆ ಫೋನಿನಲ್ಲಿ ಕಾಣುವ ರೇಲ್ ಪ್ರೆಶರ್ ನಂಬಬೇಡಿ. ಇಸಿಯುಗೆ ಹೇಳಿದ ಸುಳ್ಳನ್ನೇ ಫೋನೂ ಓದುತ್ತದೆ. ಗಾಡಿ ಲೆಕ್ಕ ಹಾಕಿ ತೋರಿಸುವ ಮೈಲೇಜೂ ಹಾಗೇ. ಹಾಗಾದರೆ ಯಾವುದನ್ನು ನಂಬುವುದು? ಹೊಗೆ ಮತ್ತು ಶಾಖ. ಹೊಗೆಗೆ ಕನ್ನಡಿ ಇದೆ. ಶಾಖಕ್ಕೆ ನಾನು ಟರ್ಬೋ ದಾಟಿದ ಪೈಪಿನಲ್ಲಿ ಎಕ್ಸಾಸ್ಟ್ ಟೆಂಪರೇಚರ್ ಮೀಟರ್ ಹಾಕಿಸಿದೆ. ಟರ್ಬೋ ಮುಂಚೆ ಹಾಕಿದರೆ ಸರಿಯಾದ ಲೆಕ್ಕ ಸಿಗುತ್ತದೆ, ಆದರೆ ಅಲ್ಲಿ ಡ್ರಿಲ್ ಮಾಡಿದ ಚೂರು ಟರ್ಬೋ ಒಳಗೆ ಬೀಳುವ ಭಯ. ದಾಟಿದ ಮೇಲೆ ಲೋಡಿನಲ್ಲಿ 100ರಿಂದ 150 ಡಿಗ್ರಿ ಕಡಿಮೆ ತೋರಿಸುತ್ತದೆ. ಟರ್ಬೋ ಮುಂಚೆ 700 ಡಿಗ್ರಿ ದಾಟಬಾರದು ಅನ್ನುವುದು ಡೀಸೆಲ್ ಎಂಜಿನ್ನಿನವರ ರೂಢಿ. ಅದಕ್ಕೆ ನನ್ನ ಮೀಟರಿನಲ್ಲಿ 550ಕ್ಕೆ ಕೆಂಪು ಪೇಂಟು ಹಚ್ಚಿದ್ದೇನೆ.

ಮೊದಲ ದಿನ ಖಾಲಿ ಗಾಡಿ. ಎರಡನೇ ದಿನ ಹತ್ತು ಚೀಲ. ಮೂರನೇ ದಿನ ಪೂರಾ 22 ಚೀಲ, ನಮ್ಮಲ್ಲಿ ನೆಲ್ಲಿನ ಚೀಲ 75 ಕೆಜಿ, ಅಂದರೆ 1650 ಕೆಜಿ. ಒಂದೊಂದು ನಂಬರಿಗೂ ಒಂದು ವಾರ ಬಿಟ್ಟು ಪುಸ್ತಕದಲ್ಲಿ ಬರೆದೆ. ಏರಿನಲ್ಲಿ ಬಾಕ್ಸ್ ಇಲ್ಲದಾಗ 470 ಡಿಗ್ರಿ. ನಂಬರ್ 2ರಲ್ಲಿ 510, ಹೊಗೆ ಇಲ್ಲ. ನಂಬರ್ 4ರಲ್ಲಿ ಏರು ಮುಗಿಯುವ ಮುಂಚೆಯೇ 590, ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣದಷ್ಟು ಕರಿ ಹೊಗೆ. ಕಾಲು ತೆಗೆದೆ, ಸೈಡಿಗೆ ಹಾಕಿದೆ, ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿದೆ. ಬಿಸಿ ಟರ್ಬೋವನ್ನು ದಿಢೀರನೆ ಬಂದ್ ಮಾಡಿದರೆ ಒಳಗಿನ ಎಣ್ಣೆ ಅಲ್ಲೇ ಸುಟ್ಟು ಕರಿಕಾಗುತ್ತದೆ.

ಮೈಲೇಜನ್ನು ಟ್ಯಾಂಕಿನಿಂದ ಟ್ಯಾಂಕಿಗೆ ಅಳೆದೆ. ಅದೇ ಬಂಕು, ಗನ್ನು ಮೊದಲ ಸಲ ಟಕ್ ಅಂದಾಗ ನಿಲ್ಲಿಸುವುದು. ರಿಪೇರಿಗೆ ಮುಂಚೆ ಲೀಟರಿಗೆ 11.8. ರಿಪೇರಿ ಆದ ಮೇಲೆ, ಬಾಕ್ಸ್ ಇಲ್ಲದೆ, 13.1. ನಂಬರ್ 2ರಲ್ಲಿ 13.2. ನಂಬರ್ 4ರಲ್ಲಿ 12.3. ಬಾಕ್ಸ್ ಮಾರುವವರು ಮೈಲೇಜಿನ ಬಗ್ಗೆ ಏನೇನೋ ಹೇಳುತ್ತಾರೆ, ನನ್ನ ಪುಸ್ತಕ ಹೇಳುವುದು ಇಷ್ಟು. ಬಾಕ್ಸಿನಿಂದ ನನಗೆ ಸಿಕ್ಕಿದ್ದು ಬೇರೆ ಸುಖ. ಲೋಡಿನಲ್ಲಿ ಸ್ಪೀಡ್ ಬ್ರೇಕರ್ ದಾಟಿ ಎತ್ತುವಾಗ ಮೂರರಲ್ಲೇ ಎಳೆಯುತ್ತದೆ, ಪದೇ ಪದೇ ಗೇರು ಇಳಿಸಬೇಕಾಗಿಲ್ಲ.

ಗಾಡಿ ಜೋರು ಎಳೆಯುತ್ತದೆ ಅಂತ ಮೊನ್ನೆ ಮಿಲ್ಲಿನಲ್ಲಿ ಹಮಾಲರು 30 ಚೀಲ ಏರಿಸಲು ನೋಡಿದರು. ಎಂಜಿನ್ ಎಳೆದೀತು. ಆದರೆ ಬ್ರೇಕು, ಪಾಟಾ (ಸ್ಪ್ರಿಂಗ್ ಪಟ್ಟಿ), ಟೈರು ಅವೇ ಹಳೆಯವು. 22ಕ್ಕೆ ನಿಲ್ಲಿಸಿ ಅಂದೆ.

ಸರ್ವೀಸಿಗೆ ಬಿಡುವ ಹಿಂದಿನ ದಿನ ಬಾಕ್ಸ್ ಬಿಚ್ಚಿ ಮೂಲ ಪ್ಲಗ್ ಸಿಕ್ಕಿಸುತ್ತೇನೆ, ಇಲ್ಲದಿದ್ದರೆ ಅವರ ಸ್ಕ್ಯಾನರ್ ಓದುವ ಲೆಕ್ಕವೂ ಸುಳ್ಳಾಗುತ್ತದೆ. ಮಾರ್ಚ್ ದಾಟಿದರೆ ಬಾಕ್ಸ್ 2ರಿಂದ 1ಕ್ಕೆ ಇಳಿಯುತ್ತದೆ. ಬಿಸಿ ಗಾಳಿ ತೆಳು, ಸಿಲಿಂಡರ್‌ಗೆ ಆಮ್ಲಜನಕ ಕಡಿಮೆ ಸಿಗುತ್ತದೆ, ಅಷ್ಟೇ ಡೀಸೆಲ್ಲಿಗೆ ಹೊಗೆ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ರಾಯಚೂರು ಕಡೆ ಬಾಡಿಗೆ ಬಂದರೆ ಪೂರಾ ಬಿಚ್ಚಿ ಡ್ಯಾಶ್‌ಬೋರ್ಡಿಗೆ ಹಾಕುತ್ತೇನೆ, ಆ ಹಸಿರು ದೀಪದ ಡಬ್ಬಿಯ ಪಕ್ಕ.